ಓಸಿಟಿ ರಿಪೋರ್ಟಿನಲ್ಲಿ ಕೆಂಪು ಬಂದಿದೆ: ಕಣ್ಣಿನ ನರದ ಸುತ್ತಲಿನ ಪದರ ತೆಳುವಾದರೆ ಏನರ್ಥ?

ಪ್ರಶ್ನೆ: ನನಗೆ 52 ವರ್ಷ. ಚಿಕ್ಕಂದಿನಿಂದಲೂ ಕನ್ನಡಕ ಇದೆ, ಈಗ ಎರಡೂ ಕಣ್ಣಿಗೆ ಮೈನಸ್ 6. ಮೂರು ವರ್ಷದ ಹಿಂದೆ ಗ್ಲಾಕೋಮಾ ಇದೆ ಎಂದರು. ಅಂದಿನಿಂದ ದಿನಾ ರಾತ್ರಿ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದೇನೆ. ಮೊದಲು 24 ಇದ್ದ ಕಣ್ಣಿನ ಪ್ರೆಷರ್ ಈಗ 15–16ಕ್ಕೆ ಬಂದಿದೆ. ಹೋದ ವರ್ಷ ಓಸಿಟಿ ಸ್ಕ್ಯಾನ್ ಮಾಡಿಸಿದಾಗ ಬಲಗಣ್ಣಿನ ನರದ ಸುತ್ತಲಿನ ಪದರದ ಸರಾಸರಿ ದಪ್ಪ 74 ಮೈಕ್ರಾನ್ ಇತ್ತು. ಈ ವರ್ಷ 71. ಎಡಗಣ್ಣಿನದು 83, ಬದಲಾಗಿಲ್ಲ. ಬಲಗಣ್ಣಿನ ಚಿತ್ರದಲ್ಲಿ ಕೆಳಭಾಗ ಪೂರ್ತಿ ಕೆಂಪಾಗಿದೆ. ಇನ್ನೊಂದು ಕಡೆ ತೋರಿಸಿದಾಗ, ನರದ ಸುತ್ತಲಿನ ಕೋರಾಯ್ಡ್ ಕೂಡ ತೆಳುವಾಗಿದೆ ಎಂದು ಬರೆದುಕೊಟ್ಟರು. ಆದರೆ ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಮೂರು ಮೈಕ್ರಾನ್ ಕಡಿಮೆ ಆದದ್ದು ದೊಡ್ಡ ವಿಷಯವಾ? ಈ ಪದರ ಮತ್ತೆ ದಪ್ಪ ಆಗುತ್ತದಾ? ಕೋರಾಯ್ಡ್‌ಗೆ ಬೇರೆ ಔಷಧಿ ತಗೋಬೇಕಾ?

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಕೈಗೆ ಒಂದು ಕೆಂಪು ಚಿತ್ರ ಕೊಟ್ಟು ಕಳಿಸಿದರೆ ಯಾರಿಗೂ ನಿದ್ದೆ ಬರುವುದಿಲ್ಲ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. 74ರಿಂದ 71ಕ್ಕೆ ಇಳಿದದ್ದು, ಅದೊಂದನ್ನೇ ಇಟ್ಟುಕೊಂಡು ನೋಡಿದರೆ, ಕಾಯಿಲೆ ಮುಂದುವರಿದಿದೆ ಎನ್ನಲು ಸಾಲದು. ಕೋರಾಯ್ಡ್ ಬಗ್ಗೆ ನೀವು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ನೀವು ಕೇಳದೇ ಇರುವ ಒಂದು ವಿಷಯ ಇದೆ. ಬಲಗಣ್ಣಿಗೂ ಎಡಗಣ್ಣಿಗೂ ಇರುವ 12 ಮೈಕ್ರಾನ್ ವ್ಯತ್ಯಾಸ. ನಾನು ನಿಮ್ಮ ಡಾಕ್ಟರ್ ಆಗಿದ್ದರೆ ಮೊದಲು ಅದನ್ನೇ ನೋಡುತ್ತಿದ್ದೆ. ಯಾಕೆ ಎಂದು ಹೇಳುತ್ತೇನೆ.

ಮೊದಲು ಅಳೆದದ್ದು ಏನನ್ನು ಎಂದು ತಿಳಿಯೋಣ. ಕಣ್ಣಿನ ಹಿಂಭಾಗದ ಪರದೆ ರೆಟಿನಾ. ಅದರಲ್ಲಿರುವ ನರಕೋಶಗಳಿಂದ ಒಂದೊಂದು ಸಣ್ಣ ತಂತು ಹೊರಡುತ್ತದೆ. ಇಂಥವು ಒಂದು ಕಣ್ಣಿನಲ್ಲಿ ಸುಮಾರು 10 ಲಕ್ಷ ಇರುತ್ತವೆ, ಕೆಲವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಎಲ್ಲವೂ ರೆಟಿನಾದ ಮೇಲ್ಮೈಯಲ್ಲೇ ಹರಿದು ಬಂದು ಒಂದು ಜಾಗದಲ್ಲಿ ಕೂಡಿಕೊಂಡು, ಹಗ್ಗದಂತೆ ಹೊಸೆದು, ಕಣ್ಣಿನಿಂದ ಹೊರಗೆ ಮಿದುಳಿನ ಕಡೆ ಹೋಗುತ್ತವೆ. ಆ ಹಗ್ಗವೇ ಆಪ್ಟಿಕ್ ನರ. ತಂತುಗಳು ನರದ ಬಾಯಿಗೆ ಬರುವ ಮುಂಚೆ ಒತ್ತೊತ್ತಾಗಿ ಹಾಸಿಕೊಂಡಿರುವ ಪದರಕ್ಕೆ ಆರ್‌ಎನ್‌ಎಫ್‌ಎಲ್ ಎನ್ನುತ್ತಾರೆ, ಅಂದರೆ ನರತಂತುಗಳ ಪದರ. ನಿಮ್ಮ ರಿಪೋರ್ಟಿನ 71 ಅದರ ದಪ್ಪ. ಒಂದು ತಲೆಕೂದಲಿನ ದಪ್ಪ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಅಷ್ಟು ತೆಳುವಾದ ಪದರವನ್ನು ಕಣ್ಣು ಮುಟ್ಟದೆ, ಬರೀ ಬೆಳಕಿನಿಂದ ಅಳೆಯುವ ಯಂತ್ರ ಓಸಿಟಿ. 1991ರಲ್ಲಿ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ ಮತ್ತು ಅವರ ಜೊತೆಯವರು ಇದನ್ನು ಮೊದಲು ಪ್ರಕಟಿಸಿದರು. ಅದಕ್ಕೂ ಮುಂಚೆ ಡಾಕ್ಟರ್‌ಗಳು ನರದ ಬಾಯನ್ನು ಕಣ್ಣಿನಿಂದ ನೋಡಿ, ಕೈಯಲ್ಲಿ ಚಿತ್ರ ಬರೆದು, ಮುಂದಿನ ಸಲ ಆ ಚಿತ್ರಕ್ಕೆ ಹೋಲಿಸುತ್ತಿದ್ದರು. ಸಣ್ಣ ಬದಲಾವಣೆಗಳು ಆಗ ಸುಮ್ನೆ ತಪ್ಪಿಸಿಕೊಂಡು ಹೋಗುತ್ತಿದ್ದವು.

ಗ್ಲಾಕೋಮಾದಲ್ಲಿ ಏಟು ಬೀಳುವುದು ಈ ತಂತುಗಳಿಗೆ. ನರ ಕಣ್ಣಿನಿಂದ ಹೊರಗೆ ಹೋಗುವ ಜಾಗದಲ್ಲಿ ಜರಡಿಯಂಥ ಒಂದು ತಟ್ಟೆ ಇದೆ. ತಂತುಗಳು ಕಂತೆ ಕಂತೆಯಾಗಿ ಅದರ ತೂತುಗಳೊಳಗಿಂದ ನುಗ್ಗಿ ಹೋಗಬೇಕು. ಒತ್ತಡಕ್ಕೆ ಆ ಜರಡಿ ಹಿಂದಕ್ಕೆ ಬಾಗಿದಾಗ, ತೂತುಗಳು ಓರೆಯಾದಾಗ, ಒಳಗಿನ ತಂತುಗಳು ಹಿಸುಕಿಹೋಗುತ್ತವೆ. ಅವುಗಳಲ್ಲಿ ಎರಡೂ ದಿಕ್ಕಿಗೆ ನಡೆಯುವ ಸಾಗಾಟ ನಿಲ್ಲುತ್ತದೆ. ನಿಧಾನವಾಗಿ ತಂತು ಸಾಯುತ್ತದೆ, ಹಿಂದೆಯೇ ಅದರ ಕೋಶವೂ ಸಾಯುತ್ತದೆ. ಜರಡಿಯ ಮೇಲಿನ ಮತ್ತು ಕೆಳಗಿನ ಭಾಗದಲ್ಲಿ ತೂತುಗಳು ದೊಡ್ಡವು, ಆಸರೆ ಕಡಿಮೆ. ಹಾಗಾಗಿ ಅಲ್ಲಿನ ತಂತುಗಳೇ ಮೊದಲು ಹೋಗುವುದು. ನಿಮ್ಮ ಬಲಗಣ್ಣಿನಲ್ಲಿ ಕೆಳಭಾಗ ಕೆಂಪಾಗಿದೆ ಎಂದಿರಿ. ಗ್ಲಾಕೋಮಾ ಸಾಮಾನ್ಯವಾಗಿ ಮೊದಲು ಹಿಡಿಯುವ ಜಾಗ ಅದು.

ಈಗ ಬಣ್ಣದ ವಿಷಯ. ಯಂತ್ರದೊಳಗೆ ಕೆಲವು ನೂರು ಆರೋಗ್ಯವಂತರ ಅಳತೆಗಳನ್ನು ತುಂಬಿಟ್ಟಿರುತ್ತಾರೆ. ನಿಮ್ಮ ವಯಸ್ಸಿನ ನೂರು ಆರೋಗ್ಯವಂತರಲ್ಲಿ ಒಬ್ಬರಿಗೂ ಇಷ್ಟು ತೆಳು ಇರುವುದು ಅನುಮಾನ ಎಂದಾದರೆ ಕೆಂಪು. ಐದರೊಳಗೆ ಬಂದರೆ ಹಳದಿ. ಉಳಿದದ್ದು ಹಸಿರು. ಇಷ್ಟೇ ಅದರ ಲೆಕ್ಕ. ಯಂತ್ರಕ್ಕೆ ನಿಮ್ಮ ಕಾಯಿಲೆ ಗೊತ್ತಿಲ್ಲ. ನಿಮ್ಮ ಮೈನಸ್ 6 ಕೂಡ ಅದರ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ.

ಈ ಮೈನಸ್ 6 ಸಣ್ಣ ವಿಷಯ ಅಲ್ಲ. ಮೈನಸ್ ನಂಬರ್ ಜಾಸ್ತಿ ಇರುವ ಕಣ್ಣು ಉದ್ದವಾಗಿರುತ್ತದೆ. ಯಂತ್ರ ನರದ ಸುತ್ತ ಸುಮಾರು ಮೂರೂವರೆ ಮಿಲಿಮೀಟರ್ ಅಗಲದ ಒಂದು ವೃತ್ತ ಹಾಕಿ, ಆ ಗೆರೆಯ ಮೇಲೆ ದಪ್ಪ ಅಳೆಯುತ್ತದೆ. ಉದ್ದ ಕಣ್ಣಿನಲ್ಲಿ ಅದೇ ವೃತ್ತ ನಿಜವಾಗಿ ಇನ್ನೂ ದೊಡ್ಡದಾಗಿ, ನರದಿಂದ ದೂರಕ್ಕೆ ಬೀಳುತ್ತದೆ. ನರದಿಂದ ದೂರ ಹೋದಷ್ಟೂ ಪದರ ತೆಳು. ಹೀಗಾಗಿ ಕಾಯಿಲೆಯೇ ಇಲ್ಲದ ಉದ್ದ ಕಣ್ಣಿಗೂ ಯಂತ್ರ ಕಡಿಮೆ ಸಂಖ್ಯೆ ತೋರಿಸುತ್ತದೆ. ಇನ್ನೂ ಒಂದಿದೆ. ಸಾಮಾನ್ಯವಾಗಿ ಪದರದ ದಪ್ಪದ ಗೆರೆ ಒಂಟೆಯ ಬೆನ್ನಿನ ಹಾಗೆ ಎರಡು ಕಡೆ ಉಬ್ಬಿರುತ್ತದೆ, ಮೇಲೊಂದು, ಕೆಳಗೊಂದು. ಮೈನಸ್ ಕಣ್ಣಿನಲ್ಲಿ ಆ ಉಬ್ಬುಗಳು ಕಿವಿಯ ಕಡೆಗೆ ಸರಿದಿರುತ್ತವೆ. ಯಂತ್ರ ಹುಡುಕುವ ಜಾಗದಲ್ಲಿ ಉಬ್ಬು ಸಿಗದಿದ್ದರೆ ಅಲ್ಲಿ ಕೆಂಪು ಬಳಿದುಬಿಡುತ್ತದೆ. ಕಾಯಿಲೆಯಿಲ್ಲದ ಕಣ್ಣಿಗೆ ಬಳಿದ ಇಂಥ ಕೆಂಪನ್ನು ನಂಬಿ ವರ್ಷಗಟ್ಟಲೆ ಡ್ರಾಪ್ಸ್ ಹಾಕಿಕೊಂಡವರನ್ನು ನಾನು ನೋಡಿದ್ದೇನೆ. ಇದರ ಉಲ್ಟಾ ಕೂಡ ಇದೆ. ಮೊದಲು ತುಂಬಾ ದಪ್ಪ ಪದರ ಇದ್ದವರು ಸಾಕಷ್ಟು ಕಳಕೊಂಡ ಮೇಲೂ ಹಸಿರಿನಲ್ಲೇ ಇರುತ್ತಾರೆ. ಅವರ ಬಗ್ಗೆ ನನಗೆ ಇನ್ನೂ ಜಾಸ್ತಿ ಚಿಂತೆ. ಯಾಕೆಂದರೆ ಹಸಿರು ನೋಡಿ ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ.

ಹಾಗಾದರೆ ನಿಮ್ಮ ಕೆಂಪು ನಿಜವೋ, ಮೈನಸ್ ನಂಬರಿನ ಆಟವೋ? ಇಲ್ಲಿ ನಿಮ್ಮ ಎಡಗಣ್ಣು ಸಾಕ್ಷಿಗೆ ಬರುತ್ತದೆ. ಎರಡೂ ಕಣ್ಣಿನ ನಂಬರ್ ಒಂದೇ. ಉದ್ದದ ಕಾರಣಕ್ಕೆ ತೆಳು ಕಾಣುವುದಾದರೆ ಎರಡೂ ಕಣ್ಣು ಹೆಚ್ಚು ಕಡಿಮೆ ಒಂದೇ ಸಮ ತೆಳು ಕಾಣಬೇಕಿತ್ತು, ಅಲ್ವಾ? ಆರೋಗ್ಯವಂತರ ಎರಡು ಕಣ್ಣುಗಳ ಸರಾಸರಿಯಲ್ಲಿ ಸಾಮಾನ್ಯವಾಗಿ 9 ಮೈಕ್ರಾನ್‌ಗಿಂತ ಜಾಸ್ತಿ ಅಂತರ ಇರುವುದಿಲ್ಲ. ನಿಮ್ಮಲ್ಲಿ 12 ಇದೆ. ಅದರ ಜೊತೆಗೆ ಕೆಂಪು ಬಿದ್ದಿರುವುದು ಕೆಳಭಾಗಕ್ಕೆ, ಪ್ರೆಷರ್ ಮೊದಲು 24 ಇತ್ತು. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಬಲಗಣ್ಣಿನ ಹಾನಿ ನಿಜ ಎಂದೇ ನನ್ನ ಅನಿಸಿಕೆ. ಎಡಗಣ್ಣಿನ 83 ಬಹುಶಃ ನಿಮ್ಮ ಕಣ್ಣಿನ ಸಹಜ ದಪ್ಪಕ್ಕೆ ಹತ್ತಿರ ಇದೆ. ಆರೋಗ್ಯವಂತರ ಸರಾಸರಿ 90ರಿಂದ 100ರ ಒಳಗೆ ಇರುತ್ತದೆ ನಿಜ. ಆದರೆ ನಿಮ್ಮಂಥ ಉದ್ದ ಕಣ್ಣಿಗೆ 83 ನನಗೆ ಗಾಬರಿ ಹುಟ್ಟಿಸುವ ಸಂಖ್ಯೆ ಅಲ್ಲ.

ಮೂರು ಮೈಕ್ರಾನ್‌ಗೆ ಬರೋಣ. ಒಂದೇ ಕಣ್ಣನ್ನು ಒಂದೇ ದಿನ ಎರಡು ಸಲ ಅಳೆದರೂ ಸರಾಸರಿಯಲ್ಲಿ 4–5 ಮೈಕ್ರಾನ್‌ವರೆಗೆ ಹೆಚ್ಚು ಕಡಿಮೆ ಬರಬಹುದು. ಕಣ್ಣು ಒಣಗಿದ್ದರೆ, ಪೊರೆ ಬರಲು ಶುರುವಾಗಿದ್ದರೆ, ಅಳೆಯುವಾಗ ಕಣ್ಣು ಅಲುಗಿದ್ದರೆ ಸಂಖ್ಯೆ ಕೆಳಗೆ ಬೀಳುತ್ತದೆ. ನಿಮ್ಮ ಎರಡೂ ರಿಪೋರ್ಟುಗಳ ಮೂಲೆಯಲ್ಲಿ ಸಿಗ್ನಲ್ ಎಷ್ಟಿತ್ತು ಎಂದು ಬರೆದಿರುತ್ತದೆ, ನೋಡಿ. ಹತ್ತಕ್ಕೆ ಅಂಕ ಕೊಡುವ ಯಂತ್ರವಾದರೆ 6 ಅಥವಾ ಮೇಲೆ ಇರಬೇಕು. ಹೋದ ವರ್ಷ 9 ಇದ್ದು ಈ ವರ್ಷ 6 ಬಂದಿದ್ದರೆ, ಮೂರು ಮೈಕ್ರಾನ್ ಅದರಲ್ಲೇ ಹೋಗಿರಬಹುದು. ಎರಡು ಸ್ಕ್ಯಾನ್ ಬೇರೆ ಬೇರೆ ಕಂಪನಿಯ ಯಂತ್ರದಲ್ಲಿ ಆಗಿದ್ದರಂತೂ ಹೋಲಿಸಲೇಬಾರದು. ಪದರದ ಅಂಚು ಎಲ್ಲಿಂದ ಎಲ್ಲಿಗೆ ಎಂದು ಒಂದೊಂದು ಯಂತ್ರ ಒಂದೊಂದು ರೀತಿ ಗೆರೆ ಎಳೆಯುತ್ತದೆ.

ವಯಸ್ಸಿಗೆ ಎಲ್ಲರಿಗೂ ಸ್ವಲ್ಪ ಕರಗುತ್ತದೆ, ವರ್ಷಕ್ಕೆ ಅರ್ಧ ಮೈಕ್ರಾನ್‌ನಷ್ಟು ಅಥವಾ ಅದಕ್ಕಿಂತ ಕಡಿಮೆ. ನಿಮ್ಮ ಬಲಗಣ್ಣು ನಿಜವಾಗಿಯೂ ವರ್ಷಕ್ಕೆ 3ರಂತೆ ಇಳಿಯುತ್ತಿದ್ದರೆ ಅದು ಜೋರು ಇಳಿತವೇ. ಆದರೆ ಎರಡೇ ಚುಕ್ಕಿಗಳಿಂದ ಯಾವ ಇಳಿತವನ್ನೂ ನಂಬಬೇಡಿ. ನಾಲ್ಕೈದು ಸ್ಕ್ಯಾನ್ ಸಾಲಾಗಿ ಇಟ್ಟಾಗ ಗೆರೆ ಯಾವ ಕಡೆ ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಅದಕ್ಕೇ ಮುಂದಿನ ವರ್ಷದವರೆಗೆ ಕಾಯದೆ ನಾಲ್ಕೈದು ತಿಂಗಳಲ್ಲಿ ಅದೇ ಯಂತ್ರದಲ್ಲಿ ಇನ್ನೊಮ್ಮೆ ಮಾಡಿಸಿ. ಆಗ ಸರಾಸರಿ ಒಂದನ್ನೇ ನೋಡಬೇಡಿ. ಗಡಿಯಾರದ ಹಾಗೆ ಹನ್ನೆರಡು ಭಾಗ ಮಾಡಿ ಅಂಕಿ ಕೊಟ್ಟಿರುತ್ತಾರೆ. ಬಲಗಣ್ಣಿನಲ್ಲಿ 6 ಮತ್ತು 7 ಗಂಟೆಯ ಭಾಗ ನೋಡಿ. ಸರಾಸರಿ ಎಂದರೆ ಸುತ್ತಲಿನದೆಲ್ಲ ಸೇರಿಸಿ ಭಾಗಿಸಿದ್ದು. ಒಂದು ಮೂಲೆಯಲ್ಲಿ ಜೋರಾಗಿ ಕರಗುತ್ತಿದ್ದರೂ ಸರಾಸರಿ ಅದನ್ನು ಮುಚ್ಚಿಹಾಕಬಲ್ಲದು.

ಇನ್ನೊಂದು ತಪ್ಪು ಲೆಕ್ಕವನ್ನು ಬಹಳ ಜನ ಮಾಡುತ್ತಾರೆ. 83ರಲ್ಲಿ 71 ಉಳಿದಿದೆ, ಅಂದರೆ ನೂರಕ್ಕೆ 85ರಷ್ಟು ನರ ಉಳಿದಿದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಈ ಪದರದಲ್ಲಿ ಬರೀ ತಂತುಗಳಿಲ್ಲ. ರಕ್ತನಾಳಗಳಿವೆ, ತಂತುಗಳಿಗೆ ಆಸರೆಯಾದ ಬೇರೆ ಕೋಶಗಳಿವೆ. ಪೂರ್ತಿ ಕುರುಡಾದ ಗ್ಲಾಕೋಮಾ ಕಣ್ಣಿನಲ್ಲೂ ಸಂಖ್ಯೆ ಸೊನ್ನೆಗೆ ಬರುವುದಿಲ್ಲ, 50ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಆ ತಳವನ್ನು ಕಳೆದು ಲೆಕ್ಕ ಹಾಕಿದರೆ ನಿಮ್ಮ ಬಳಿ ಇದ್ದದ್ದು ಸುಮಾರು 33, ಉಳಿದದ್ದು 21. ಅಂದಾಜಿಗೆ ಮೂರನೇ ಒಂದು ಭಾಗ ಹೋಗಿದೆ. ಇದು ಒರಟು ಲೆಕ್ಕ, ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. 71 ಎನ್ನುವುದು ಕೇಳಲು ಇರುವಷ್ಟು ಹಗುರವೂ ಅಲ್ಲ, ಕೆಂಪು ಬಣ್ಣ ಹೇಳುವಷ್ಟು ಭಯಂಕರವೂ ಅಲ್ಲ ಎಂದು ನಿಮಗೆ ಗೊತ್ತಾಗಲಿ ಎಂದು ಹೇಳಿದೆ. ತಳಕ್ಕೆ ಇನ್ನೂ ದೂರ ಇದೆ. ಉಳಿಸಿಕೊಳ್ಳಲು ಬಹಳ ಇದೆ.

ಮೂರನೇ ಒಂದು ಭಾಗ ಹೋಗಿದ್ದರೆ ಕಣ್ಣು ಹೇಗೆ ಚೆನ್ನಾಗಿ ಕಾಣುತ್ತದೆ? ಗ್ಲಾಕೋಮಾ ನಟ್ಟ ನಡುವಿನ ದೃಷ್ಟಿಯನ್ನು ಸಾಮಾನ್ಯವಾಗಿ ಕೊನೆಗೆ ಮುಟ್ಟುತ್ತದೆ. ಅಕ್ಷರದ ಬೋರ್ಡಿನಲ್ಲಿ ಕೊನೆಯ ಸಾಲು ಓದಲು ಬೇಕಾದದ್ದು ನಡುವಿನ ದೃಷ್ಟಿ ಮಾತ್ರ. ಬದಿಯಲ್ಲಿ ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ನೋಡಿಕೊಳ್ಳುತ್ತದೆ. ಅಲ್ಲೂ ತೂತು ಉಳಿದರೆ ಮಿದುಳು ಅಕ್ಕಪಕ್ಕದ ಬಣ್ಣ ತುಂಬಿ ಮುಚ್ಚುತ್ತದೆ. ಕಪ್ಪು ಕಲೆ ಕಾಣುವುದೇ ಇಲ್ಲ. ಸುತ್ತ ಎಲ್ಲೆಲ್ಲಿ ಎಷ್ಟು ಕಾಣುತ್ತದೆ ಎಂದು ಒಂದೊಂದೇ ಕಣ್ಣಿಗೆ ನೋಡುವ ಫೀಲ್ಡ್ ಟೆಸ್ಟ್‌ನಲ್ಲಿ ದೋಷ ಕಾಣಿಸುವ ಹೊತ್ತಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ನರಕೋಶಗಳು ಹೋಗಿರುತ್ತವೆ ಎಂದು ಸತ್ತವರ ಕಣ್ಣುಗಳನ್ನು ಪರೀಕ್ಷಿಸಿದ ಅಧ್ಯಯನಗಳು ತೋರಿಸಿವೆ. ನೀವು ಈಗ ಸರಿಯಾಗಿ ಆ ಗಡಿಯಲ್ಲಿದ್ದೀರಿ. ಅದಕ್ಕೇ ನಿಮ್ಮ ಪ್ರಶ್ನೆಯಲ್ಲಿ ಫೀಲ್ಡ್ ಟೆಸ್ಟ್ ಮಾತೇ ಇಲ್ಲದ್ದು ನನ್ನನ್ನು ಕಾಡುತ್ತಿದೆ. ಮಾಡಿಸಿಲ್ಲದಿದ್ದರೆ ಬೇಗ ಮಾಡಿಸಿ. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಕೆಳಗಿನ ಪದರ ತೆಳುವಾಗಿದ್ದರೆ ದೃಷ್ಟಿ ಕುಂದುವುದು ಮೇಲಿನ ಅರ್ಧದಲ್ಲಿ. ಆ ಟೆಸ್ಟಿನ ಚಿತ್ರದಲ್ಲಿ ಬಲಗಣ್ಣಿನ ಮೇಲರ್ಧದಲ್ಲಿ, ಅದರಲ್ಲೂ ಮೂಗಿನ ಕಡೆ, ಕಪ್ಪು ಬಂದಿದ್ದರೆ ಎರಡೂ ಪರೀಕ್ಷೆ ಒಂದೇ ಮಾತು ಹೇಳುತ್ತಿವೆ ಎಂದರ್ಥ. ಕೆಳಗಿನ ತಂತುಗಳಲ್ಲಿ ಒಂದು ಪಾಲು ನಟ್ಟ ನಡುವಿಗೆ ತೀರಾ ಹತ್ತಿರದ ಜಾಗದಿಂದ ಬರುತ್ತದೆ. ಹಾಗಾಗಿ ನಡುವಿನ ಹತ್ತು ಡಿಗ್ರಿಯನ್ನು ಒತ್ತೊತ್ತಾಗಿ ಪರೀಕ್ಷಿಸುವ ಟೆಸ್ಟ್ ಒಂದಿದೆ, 10-2 ಎನ್ನುತ್ತಾರೆ. ಅದನ್ನೂ ಒಮ್ಮೆ ಮಾಡಿ ಎಂದು ಕೇಳಿ. ಓದುವಾಗ ತೊಂದರೆ ಕೊಡುವ ಹಾನಿ ಕಾಣಿಸುವುದು ಅದರಲ್ಲಿ.

ಪದರ ಮತ್ತೆ ದಪ್ಪ ಆಗುತ್ತದಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ಹೋದ ತಂತು ಹೋಯಿತು, ಅದನ್ನು ಮತ್ತೆ ಬೆಳೆಸುವ ಔಷಧಿ ಇವತ್ತಿಗೆ ಇಲ್ಲ. ಇದನ್ನು ಹೇಳುವಾಗ ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ಮುಂದಿನ ಸ್ಕ್ಯಾನ್‌ನಲ್ಲಿ 74 ಬಂದರೆ ಅದು ಅಳತೆಯ ಏರಿಳಿತ, ಬೆಳವಣಿಗೆ ಅಲ್ಲ. ಒಂದು ವೇಳೆ ಏಕಾಏಕಿ ಬಹಳ ದಪ್ಪ ಬಂದರೆ ಊತವೋ ಉರಿಯೂತವೋ ಎಂದು ನೋಡಬೇಕಾಗುತ್ತದೆ. ಆದರೆ ಉಳಿದಿರುವುದನ್ನು ಕಾಯಲು ಒಳ್ಳೆಯ ದಾರಿ ಇದೆ. ಪ್ರೆಷರ್ ಇಳಿಸುವುದು. ಪ್ರೆಷರ್ 1 ಅಂಕಿ ಇಳಿದರೂ ಕಾಯಿಲೆ ಮುಂದುವರಿಯುವ ಅಪಾಯ ನೂರಕ್ಕೆ ಸುಮಾರು 10ರಷ್ಟು ತಗ್ಗುತ್ತದೆ ಎಂದು ವರ್ಷಗಟ್ಟಲೆ ನಡೆದ ಅಧ್ಯಯನವೊಂದು ತೋರಿಸಿದೆ. ನೀವು 24ರಿಂದ 15–16ಕ್ಕೆ ಬಂದಿದ್ದೀರಿ. ಅದು ನಿಮ್ಮ ಶಿಸ್ತಿನ ಫಲ.

ಈಗ ಕೋರಾಯ್ಡ್. ಇದು ರೆಟಿನಾದ ಹಿಂದೆ ಇರುವ, ರಕ್ತನಾಳಗಳೇ ತುಂಬಿದ ಬೇರೆಯೇ ಪದರ. ನರದ ಬಾಯಿಗೆ ರಕ್ತ ಕೊಡುವ ಸಣ್ಣ ನಾಳಗಳೇ ಕೋರಾಯ್ಡ್‌ಗೂ ಕೊಡುತ್ತವೆ. ಹಾಗಾಗಿ ನರಕ್ಕೆ ರಕ್ತ ಸಾಲದೆ ಗ್ಲಾಕೋಮಾ ಬರುವುದಾದರೆ ಕೋರಾಯ್ಡ್ ತೆಳುವಾಗಬೇಕಲ್ಲ ಎಂಬ ಯೋಚನೆ ಸಂಶೋಧಕರಿಗೆ ಬಂತು. ಯೋಚನೆ ಚೆನ್ನಾಗಿಯೇ ಇದೆ. 2008ರಲ್ಲಿ ಓಸಿಟಿಯಲ್ಲೇ ಆಳದ ಕೋರಾಯ್ಡ್ ನೋಡುವ ವಿಧಾನ ಬಂದ ಮೇಲೆ ಬಹಳ ಜನ ಅಳೆದರು. ಕೆಲವರಿಗೆ ಗ್ಲಾಕೋಮಾ ಕಣ್ಣಿನಲ್ಲಿ ತೆಳು ಕಂಡಿತು. ಇನ್ನು ಅನೇಕರಿಗೆ, ವಯಸ್ಸು ಮತ್ತು ಕಣ್ಣಿನ ಉದ್ದವನ್ನು ಲೆಕ್ಕಕ್ಕೆ ತಗೊಂಡ ಮೇಲೆ, ವ್ಯತ್ಯಾಸವೇ ಉಳಿಯಲಿಲ್ಲ. ಕೋರಾಯ್ಡ್ ತೆಳುವಾಗಲು ಗ್ಲಾಕೋಮಾ ಬೇಕಾಗಿಲ್ಲ. ವಯಸ್ಸಾದಂತೆ ತೆಳುವಾಗುತ್ತದೆ, ಉದ್ದ ಕಣ್ಣಿನಲ್ಲಿ ತೆಳುವಾಗುತ್ತದೆ. ನಿಮಗೆ 52 ವರ್ಷ, ಮೈನಸ್ 6. ತೆಳುವಾಗಲು ಇವೆರಡೇ ಸಾಕು. ಕಾಯಿಲೆ ಇಲ್ಲದವರಲ್ಲೂ ನರದ ಕೆಳಗಿನ ಕೋರಾಯ್ಡ್ ಉಳಿದ ಕಡೆಗಿಂತ ತೆಳುವೇ ಇರುತ್ತದೆ.

ಸಾಲದ್ದಕ್ಕೆ ಅದು ದಿನದೊಳಗೇ ಬದಲಾಗುತ್ತದೆ. ಬೆಳಿಗ್ಗೆ ಅಳೆದದ್ದಕ್ಕೂ ಸಂಜೆ ಅಳೆದದ್ದಕ್ಕೂ ಇಪ್ಪತ್ತು ಮೂವತ್ತು ಮೈಕ್ರಾನ್ ವ್ಯತ್ಯಾಸ ಬರಬಹುದು. ರಕ್ತ ತುಂಬಿದ ಸ್ಪಂಜಿನಂಥ ಪದರ, ರಕ್ತದೊತ್ತಡ ಹೇಗಿದೆಯೋ, ಕಣ್ಣಿನ ಪ್ರೆಷರ್ ಹೇಗಿದೆಯೋ ಹಾಗೆ ಹಿಗ್ಗಿ ಕುಗ್ಗುತ್ತದೆ. ಗ್ಲಾಕೋಮಾ ಆಪರೇಷನ್ ಆಗಿ ಪ್ರೆಷರ್ ಇಳಿದಾಗ ಕೋರಾಯ್ಡ್ ದಪ್ಪ ಆಗುವುದನ್ನು ನೋಡಿದ್ದೇವೆ, ಆದರೆ ಅದರಿಂದ ಸತ್ತ ನರ ಮರಳಿ ಬಂದದ್ದಿಲ್ಲ. ಇಷ್ಟು ಅಲುಗಾಡುವ ಅಳತೆಯಿಂದ ಚಿಕಿತ್ಸೆ ನಿರ್ಧರಿಸಲು ಆಗುವುದಿಲ್ಲ. ಅದನ್ನು ದಪ್ಪ ಮಾಡುತ್ತೇವೆ ಎಂದು ಯಾರಾದರೂ ಮಾತ್ರೆ ಕೊಟ್ಟರೆ ದಯವಿಟ್ಟು ತಗೋಬೇಡಿ. ಹೊಸ ಓಸಿಟಿ ಆಂಜಿಯೋಗ್ರಾಮ್‌ನಲ್ಲಿ ನರದ ಅಂಚಿನ ಕೋರಾಯ್ಡ್‌ನ ಸಣ್ಣ ರಕ್ತನಾಳಗಳು ಒಂದು ಜಾಗದಲ್ಲಿ ಮಾಯವಾದದ್ದು ಕಂಡರೆ ಅಂಥ ಕಣ್ಣನ್ನು ಹೆಚ್ಚು ಗಮನದಿಂದ ನೋಡಬೇಕು, ಅಲ್ಲಿ ಕಾಯಿಲೆ ಬೇಗ ಮುಂದುವರಿಯುವ ಸಂಭವ ಜಾಸ್ತಿ. ಅದು ಬೇರೆ ಪರೀಕ್ಷೆ, ನಿಮಗೆ ಬರೆದುಕೊಟ್ಟ ದಪ್ಪದ ಅಳತೆ ಅಲ್ಲ.

ದಪ್ಪದ ಮಾತು ಬಂದಾಗ ಮೂರನೆಯದೊಂದನ್ನು ಹೇಳಲೇಬೇಕು. ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ಅದರ ದಪ್ಪ ಸರಾಸರಿ 540 ಮೈಕ್ರಾನ್ ಇರುತ್ತದೆ. ಪ್ರೆಷರ್ ಅಳೆಯುವುದು ಕಾರ್ನಿಯಾವನ್ನು ಒತ್ತಿ. ಅದು ತೆಳುವಾಗಿದ್ದರೆ ಬೇಗ ತಗ್ಗುತ್ತದೆ, ಯಂತ್ರ ಪ್ರೆಷರನ್ನು ಕಡಿಮೆ ತೋರಿಸುತ್ತದೆ. ನಿಮ್ಮ 15 ನಿಜವಾಗಿ 18 ಇರಬಹುದು. ಇದನ್ನು ಜೀವನದಲ್ಲಿ ಒಮ್ಮೆ ಅಳೆದರೆ ಸಾಮಾನ್ಯವಾಗಿ ಸಾಕು, ಒಂದೆರಡು ನಿಮಿಷದ ಕೆಲಸ. ನಂಬರ್ ತೆಗೆಸುವ ಲೇಸರ್ ಆಪರೇಷನ್ ಯಾವಾಗಲಾದರೂ ಮಾಡಿಸಿದರೆ ಡಾಕ್ಟರ್‌ಗೆ ಮರೆಯದೆ ಹೇಳಿ, ಅದು ಕಾರ್ನಿಯಾವನ್ನು ತೆಳು ಮಾಡುತ್ತದೆ.

ಮುಂದಿನ ಸ್ಕ್ಯಾನ್‌ನಲ್ಲೂ ಇಳಿತ ಕಂಡರೆ, ಅಥವಾ ಫೀಲ್ಡ್‌ನಲ್ಲಿ ಕಪ್ಪು ಹರಡಿದರೆ, ಈಗಿನ 15–16 ನಿಮ್ಮ ಬಲಗಣ್ಣಿಗೆ ಸಾಲುತ್ತಿಲ್ಲ ಎಂದು ತಿಳಿಯಬೇಕು. ಆಗ ಇನ್ನೊಂದು ಡ್ರಾಪ್ಸ್ ಸೇರಿಸುವುದೋ, ಲೇಸರ್ ಮಾಡುವುದೋ ನಿಮ್ಮ ಡಾಕ್ಟರ್ ಹೇಳುತ್ತಾರೆ. ಆಸ್ತಮಾ ಇದ್ದರೆ ಮೊದಲೇ ತಿಳಿಸಿ, ಟಿಮೊಲಾಲ್ ಇರುವ ಡ್ರಾಪ್ಸ್ ಉಸಿರಾಟಕ್ಕೆ ತೊಂದರೆ ಮಾಡಬಹುದು. ಬಿಪಿ ಮಾತ್ರೆ ರಾತ್ರಿ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ರಕ್ತದೊತ್ತಡ ತೀರಾ ಇಳಿದರೆ ನರಕ್ಕೆ ರಕ್ತ ಸಾಲದೆ ಹೋಗಬಹುದು. ಆದರೆ ನೀವೇ ಮಾತ್ರೆ ನಿಲ್ಲಿಸಬೇಡಿ. ಯಾವುದೇ ಕಾರಣಕ್ಕೆ ಸ್ಟೀರಾಯ್ಡ್ ಡ್ರಾಪ್ಸ್ ಅಥವಾ ಮಾತ್ರೆ ಶುರು ಮಾಡಿದರೆ ಪ್ರೆಷರ್ ಪರೀಕ್ಷೆ ಬೇಗ ಆಗಬೇಕು. ಈಗಿನ ಡ್ರಾಪ್ಸ್ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿಕೊಳ್ಳಿ. ಔಷಧಿ ಮೂಗಿಗೆ ಇಳಿದು ಹೋಗದೆ ಕಣ್ಣಿನಲ್ಲೇ ಉಳಿಯುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಹಾಕುತ್ತಾರೆ, ಇದನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನಿಮ್ಮ ಅಕ್ಕ ತಮ್ಮಂದಿರು, ಮಕ್ಕಳು ಯಾರಾದರೂ ಇದ್ದರೆ ಅವರ ಕಣ್ಣಿನ ನರವನ್ನೂ ಪರೀಕ್ಷೆ ಮಾಡಿಸಿ. ರಕ್ತ ಸಂಬಂಧದಲ್ಲಿ ಇದು ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ.

ಕೊನೆಗೆ ಒಂದು ಕೆಲಸ ಇದೆ. ನೀವು ಎರಡು ಸ್ಕ್ಯಾನ್‌ಗಳ ಸಂಖ್ಯೆ ಮಾತ್ರ ಬರೆದಿದ್ದೀರಿ. ಮೂರು ವರ್ಷದ ಹಿಂದೆ, ಕಾಯಿಲೆ ಗೊತ್ತಾದಾಗ ಮಾಡಿದ ಮೊದಲ ಸ್ಕ್ಯಾನ್ ಎಲ್ಲಿದೆ ಹುಡುಕಿ. ಕಾಗದ ಸಿಗದಿದ್ದರೆ ಮಾಡಿಸಿದ ಕಡೆ ಕೇಳಿ, ಯಂತ್ರದಲ್ಲಿ ಉಳಿದಿರುತ್ತದೆ. ಅದರಲ್ಲಿ ಬಲಗಣ್ಣಿಗೆ 75 ಇದ್ದರೆ, ಹಾನಿ ಡ್ರಾಪ್ಸ್ ಶುರುವಾಗುವ ಮುಂಚೆಯೇ ಆಗಿತ್ತು, ಈಗ ಹೆಚ್ಚು ಕಡಿಮೆ ಅಲ್ಲೇ ನಿಂತಿದೆ. 80ಕ್ಕಿಂತ ಮೇಲೆ ಇದ್ದರೆ, ಔಷಧಿ ಹಾಕುತ್ತಿದ್ದರೂ ಪದರ ಕರಗುತ್ತಿದೆ. ಆಗ ನಾಲ್ಕೈದು ತಿಂಗಳು ಕಾಯಬೇಡಿ, ಮೂರೂ ಕಾಗದ ಹಿಡಿದುಕೊಂಡು ಈ ವಾರವೇ ಡಾಕ್ಟರ್ ಹತ್ತಿರ ಹೋಗಿ.